ಒಂದೇ ಮಾತಿನ ಮಳೆಗಾಲ

ಗಂಗಮ್ಮತ್ತೆಯ ಮಗ್ಗ ಕೀಳಿಸಿದವನು ನಾನು. ಸುತ್ತಿಗೆ ಹಿಡಿದಲ್ಲ, ಈ ಕೈಗಳಿಗೆ ಮೊಬೈಲಿನ ಹಿಂದಿನ ಮುಚ್ಚಳ ತೆಗೆಯುವುದೇ ದೊಡ್ಡ ಕುಸ್ತಿ. ಬಾಯಿಂದ ಕೀಳಿಸಿದೆ. ಬಾಯಿ ನನ್ನದು, ದನಿ ಅವಳದು. ಅವತ್ತು ಅಲ್ಲಿ ನೆರೆದವರೆಲ್ಲ ಸೆರಗಿನಿಂದ, ಟವೆಲಿನಿಂದ ಕಣ್ಣೊರೆಸಿಕೊಂಡು "ಥೇಟ್ ಗಂಗಮ್ಮ ನೋಡ್ರಿ" ಎಂದರು. ದನಿ ಅನುಕರಿಸಿ ತಿರುಗುವವನಿಗೆ ಇಂಥ ಮೆಚ್ಚುಗೆ ಜೀವನದಲ್ಲಿ ಒಮ್ಮೆ ಸಿಕ್ಕರೆ ಸಾಕು. ನನಗೆ ಸಾಕಾಯಿತು.

ಈಗ ಇದೆಲ್ಲ ಯಾಕೆ ಎಂದರೆ, ಇವತ್ತು ಬೆಳಿಗ್ಗೆ ಮಕ್ತಲ್‌ನಲ್ಲಿ ನಾನು ಕೆಲಸಕ್ಕಿರುವ ಮೊಬೈಲ್ ಅಂಗಡಿಯ ಮುಂದೆ ಲಾರಿ ನಿಲ್ಲಿಸಿ ಈರುಳ್ಳಿ ಇಳಿಸಿದರು. ದಾರಿಯಲ್ಲಿ ಮಳೆ ಹೊಡೆದಿತ್ತೇನೋ, ಚೀಲಗಳು ಅಡಿಯಿಂದ ನೆಂದು ಸಣ್ಣಗೆ ಕೊಳೆಯತೊಡಗಿದ್ದವು. ಆ ವಾಸನೆ ಒಳಗೆ ಬಂದು ನನ್ನ ಪಕ್ಕದ ಸ್ಟೂಲಿನ ಮೇಲೆ ಕೂತಿತು. "ಬಾಗಿಲಾ ಹಾಕಲೇ ಬಸ್ಯಾ, ತಲಿ ಗಿರ್ ಅನ್ನಾಕತ್ತೈತಿ" ಎಂದ ಮಾಲೀಕ. ನಾನು ಅವನದೇ ದನಿಯಲ್ಲಿ "ಬಾಗಿಲಾ ಹಾಕಿದ್ರ ಗಿರಾಕಿ ಕಿಟಕ್ಯಾಗಿಂದ ಬರಬೇಕೇನ್ರೀ?" ಎಂದೆ. ಅವನು ನಕ್ಕ. ನಾನು ಬಾಗಿಲು ಹಾಕಿದೆ. ವಾಸನೆ ಹೊರಗೆ ಹೋಗಲಿಲ್ಲ. ಕೆಲವು ವರ್ಷದ ಹಿಂದೆ, ನಾರಾಯಣಪೇಟೆಯ ನಮ್ಮ ಓಣಿಯಲ್ಲಿ ಒಂದು ಇಡೀ ಮಳೆಗಾಲ ನಾವೆಲ್ಲ ಈ ಒಂದು ಪದಾರ್ಥದ ಹೆಸರಿನ ಕೆಳಗೆ ಬದುಕಿದ್ದೆವು. ನಮ್ಮ ಕಡೆ ಇದಕ್ಕೆ ಈರುಳ್ಳಿ ಅನ್ನುವುದಿಲ್ಲ, ಉಳ್ಳಾಗಡ್ಡಿ.

ನಮ್ಮದು ನೇಕಾರರ ಓಣಿ. ನನ್ನ ಓದು ಇಂಟರ್‌ಗೆ ನಿಂತಿತು, ಬಾಯಿ ನಿಲ್ಲಲಿಲ್ಲ. ರಾಯಚೂರು ಬಸ್ಸಿನ ಕಂಡಕ್ಟರ್ ಕನ್ನಡದಲ್ಲಿ ಶುರುಮಾಡಿ ತೆಲುಗಿನಲ್ಲಿ ಬೈದು ಉರ್ದುವಿನಲ್ಲಿ ಸೀಟಿ ಊದುವುದು, ನಮ್ಮಪ್ಪ ಸುಳ್ಳು ಹೇಳುವ ಮುಂಚೆ ಗಂಟಲು ಸರಿಮಾಡಿಕೊಳ್ಳುವುದು, ನಾನೇ ಹುಡುಗಿಯರ ಮುಂದೆ ಪಟ್ಟಣದ ಕನ್ನಡ ಆಡಹೋಗಿ ನಡುವೆ ಮುಗ್ಗರಿಸುವುದು, ಎಲ್ಲ ನನ್ನ ಅಂಗಡಿಯ ಸರಕು. ನನಗೊಂದು ಸಿದ್ಧಾಂತವಿತ್ತು. ಮನುಷ್ಯ ಅಂದರೆ ಅವನು ದಿನಾ ಆಡುವ ನಾಕಾರು ಮಾತು. ಆ ಮಾತು, ಅದರ ಏರಿಳಿತ, ಅದಕ್ಕೂ ಮುಂಚಿನ ಒಂದು ಕೆಮ್ಮು, ಇಷ್ಟು ಹಿಡಿದರೆ ಆ ಮನುಷ್ಯ ನಿನ್ನ ಜೇಬಿನಲ್ಲಿ. ತಲೆಯೊಳಗೆ ಅವನು ಏನು ಯೋಚಿಸುತ್ತಾನೆ ಎಂದು ಬೇರೆ ಹುಡುಕಬೇಕಾಗಿಲ್ಲ.

ಈ ಸಿದ್ಧಾಂತಕ್ಕೆ ದೊಡ್ಡ ಸಾಕ್ಷಿ ಗಂಗಮ್ಮತ್ತೆ. ಅಪ್ಪನ ತಂಗಿ, ನಮ್ಮ ಪಕ್ಕದ ಮನೆ. ಕುಣಿ ತೋಡಿ ಅದರ ಮೇಲೆ ಕೂರಿಸಿದ ಹಳೆಯ ಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತರೆ ಬೆಳಗಿನಿಂದ ಸಂಜೆಯತನಕ ಕೈ ಒಂದು ಕೆಲಸ, ಬಾಯಿ ಇನ್ನೊಂದು. ಅವಳ ದನಿ ಗೊಗ್ಗರು. "ಯಾರಿಗೆ ಹೇಳಾಕತ್ತೀನಿ ನಾ?" ಎಂಬುದು ಅವಳ ಪಲ್ಲವಿ. "ಹೋಗ್ಲಿ ತಗೀರಿ, ಯಾರ ಗಂಟೇನ ಹೋತು" ಎಂಬುದು ಜಗಳ ಮುಗಿಸುವ ಮಂಗಳಾರತಿ. ನಾನು ಅವಳೆದುರೇ ಅವಳನ್ನು ಆಡಿ ತೋರಿಸಿದರೆ, "ಥೂ ನಿನ್ನ, ನಾ ಹಂಗ ಗೊಗ್ಗರು ದನಿಲೆ ಮಾತಾಡ್ತೀನೇನಲೇ?" ಎಂದು ಅದೇ ಗೊಗ್ಗರು ದನಿಯಲ್ಲಿ ಕೇಳುತ್ತಿದ್ದಳು. ಆಮೇಲೆ "ಇನ್ನೊಮ್ಮೆ ಮಾಡು" ಎನ್ನುತ್ತಿದ್ದಳು.

ಆಷಾಢದ ಒಂದು ಮಬ್ಬು ಬೆಳಿಗ್ಗೆ ತಳ್ಳುಗಾಡಿಯವನ ಜೊತೆ ವಾದ ಮಾಡುತ್ತ ನಿಂತಿದ್ದಳು. "ಇದೇನ ಉಳ್ಳಾಗಡ್ಡಿನೋ, ಬಳ್ಳೊಳ್ಳಿನೋ" ಎಂದು ಒಂದು ಗಡ್ಡೆಯನ್ನು ಅವನ ಮುಖದ ಹತ್ತಿರ ಹಿಡಿದಳು. ಅದು ಕೈಯಿಂದ ಜಾರಿತು. ಬಗ್ಗಿ ಎತ್ತಿಕೊಳ್ಳಹೋದಳು, ಏಳಲಿಲ್ಲ. ಲಕ್ವಾ ಹೊಡೆದಿತ್ತು. ಮಹಬೂಬನಗರದ ಆಸ್ಪತ್ರೆಯಿಂದ ತಿರುಗಿ ಬರುವಾಗ ಬಲಗೈ, ಬಲಗಾಲು ಅವಳ ಜೊತೆ ಬಂದವು ಅಷ್ಟೇ, ಅವಳ ಮಾತು ಕೇಳುತ್ತಿರಲಿಲ್ಲ. ಮಾತಂತೂ ಹೋಗಿತ್ತು. ಉಳಿದದ್ದು ಒಂದೇ.

ಮಂಚದ ಮೇಲೆ ಕೂರಿಸಿ ನಮ್ಮವ್ವ ಕೇಳಿದಳು: "ಗಂಗಮ್ಮಾ, ನೀರು ಕುಡೀತಿ?"

"ಉಳ್ಳಾಗಡ್ಡಿ" ಎಂದಳು ಅತ್ತೆ.

ನಮ್ಮವ್ವ ಪಾಪ, ಒಳಗೆ ಓಡಿ ಒಂದು ಹೋಳು ಹೆಚ್ಚಿ ತಟ್ಟೆಯಲ್ಲಿಟ್ಟು ತಂದಳು. ಅತ್ತೆ ಅದನ್ನೇ ದಿಟ್ಟಿಸಿದಳು, ಎಡಗೈಯಿಂದ ತಟ್ಟೆ ಎತ್ತಿ ಎಸೆದಳು, "ಉಳ್ಳಾಗಡ್ಡಿ! ಉಳ್ಳಾಗಡ್ಡಿ!" ಎಂದು ಕಿರುಚಿ, ತನ್ನ ಬಾಯಿಂದ ಹೊರಬಿದ್ದದ್ದು ಏನೆಂದು ಆಗಲೇ ಗೊತ್ತಾದವಳ ಹಾಗೆ ಕೈಯಿಂದ ಬಾಯಿ ಮುಚ್ಚಿಕೊಂಡಳು. ಬೇರೆ ಏನನ್ನೋ ಹೇಳಲು ಹೊರಟು ಅದೊಂದೇ ಬರುತ್ತದೆ ಎಂದು ನಮಗೆ ತಿಳಿಯಲು ನಾಲ್ಕು ದಿನ ಹಿಡಿಯಿತು. ಅವಳಿಗೆ ಮೊದಲ ಕ್ಷಣದಿಂದಲೇ ತಿಳಿದಿತ್ತು.

ಅವಳ ಗಂಡ, ನಮ್ಮ ಮಾವ, ಸೀರೆ ಗಂಟು ಕಟ್ಟಿಕೊಂಡು ಗದ್ವಾಲದ ಅಂಗಡಿಗಳಿಗೆ ತಿರುಗುವವರು. ಹಗಲು ಮನೆಯಲ್ಲಿರುವುದು ಕಡಿಮೆ. ಮಗಳು ಜ್ಯೋತಿ, ನನ್ನ ವಾರಿಗೆಯವಳು, ಗದ್ವಾಲದಲ್ಲಿ ಹಾಸ್ಟೆಲಿನಲ್ಲಿದ್ದು ಡಿಗ್ರಿ ಓದುತ್ತಿದ್ದಳು. ಪರೀಕ್ಷೆ ಬಿಟ್ಟು ಬರುತ್ತೇನೆಂದವಳನ್ನು ಮಾವ ತಡೆದರು. ಮಧ್ಯಾಹ್ನದ ಹೊತ್ತು ಅತ್ತೆಯ ಹತ್ತಿರ ಕೂರುವ ಕೆಲಸ ಊರಿಗೆಲ್ಲ ಪುರುಸೊತ್ತಿದ್ದ ನನಗೆ ಬಂತು.

ವಾರಕ್ಕೊಮ್ಮೆ ದವಾಖಾನೆಗೆ ಮಾತಿನ ಡಾಕ್ಟರಮ್ಮ ಬರುತ್ತಿದ್ದಳು. ಅತ್ತೆಯನ್ನು ಆಟೋದಲ್ಲಿ ಕೂರಿಸಿಕೊಂಡು ಹೋಗುತ್ತಿದ್ದೆ. ತೆಳ್ಳಗೆ, ನಮಗಿಂತ ಒಂದೆರಡು ವರ್ಷ ದೊಡ್ಡವಳು, ಆಡುವುದೆಲ್ಲ ತೆಲುಗು. "ಮಾಟ ಪೋಯಿಂದಿ, ಆಲೋಚನ ಪೋಲೇದು" ಎಂದಳು. ಮಾತು ಹೋಗಿದೆ, ಯೋಚನೆ ಹೋಗಿಲ್ಲ. ಒಳಗೆ ಎಲ್ಲ ಇದೆ, ಬಾಗಿಲು ಮಾತ್ರ ಒಂದೇ ಕಡೆ ತೆರೆಯುತ್ತದೆ ಎಂದಳು. ಇನ್ನೊಂದು ವಿಷಯವನ್ನು ನನ್ನ ಮುಖ ನೋಡಿ ಹೇಳಿದಳು. ಹೌದು, ಅಲ್ಲ ಎಂದು ತಲೆ ಆಡಿಸುವುದೂ ಇವರಲ್ಲಿ ಹಲವರಿಗೆ ಅದಲುಬದಲಾಗುತ್ತದೆ. ಬೇಡ ಅನ್ನಲು ಹೋಗಿ ಹೂಂ ಅಂದುಬಿಡುತ್ತಾರೆ. ಅದಕ್ಕೇ ಪ್ರತಿ ಪ್ರಶ್ನೆಯನ್ನು ತಿರುಗಿಸಿ ಇನ್ನೊಮ್ಮೆ ಕೇಳು. ಕುಡಿಯಲಿಕ್ಕೆ ಬೇಕಾ ಎಂದು ಕೇಳಿದ ಮೇಲೆ, ಕುಡಿಯೋದು ಬೇಡವಾ ಎಂದೂ ಕೇಳು. ಎರಡಕ್ಕೂ ತಲೆ ಆಡಿಸಿದರೆ ಇನ್ನೂ ಉತ್ತರ ಬಂದಿಲ್ಲ ಎಂದು ತಿಳಿ. ಕಾಯಿ. ಅವರ ಮಾತನ್ನು ನೀನು ಮುಗಿಸಬೇಡ.

ನಾನು ಹೂಂ ಎಂದೆ. ಹೊರಗೆ ಬಂದು ಅವಳ ತೆಲುಗನ್ನು ಆಟೋದವನಿಗೆ ಆಡಿ ತೋರಿಸಿದೆ. ಅತ್ತೆಯೂ ನಕ್ಕಳು.

ಪ್ರಾಮಾಣಿಕವಾಗಿ ಹೇಳುತ್ತೇನೆ, ಒಂದೆರಡು ದಿನ ತಿರುಗಿಸಿ ಕೇಳಿದೆ. ಆದರೆ ಅದು ಬಲು ಬೇಸರದ ಕೆಲಸ. ನನಗೆ ಅದಕ್ಕಿಂತ ಸಲೀಸಾದ ದಾರಿ ಗೊತ್ತಿತ್ತು. ಮಾತು ಒಂದೇ ಆದರೂ ರಾಗ ಹೋಗಿರಲಿಲ್ಲ. ಸಿಟ್ಟಿನ ಉಳ್ಳಾಗಡ್ಡಿಯ ಕೊನೆ ಮೊಟಕು, ಹಸಿವಿನದ್ದು ಎಳೆತ, ನೊಣ ಬಂದರೆ ಬೇರೆ, ಗಂಡ ಬಂದರೆ ಬೇರೆ. ರಾಗ ಹಿಡಿದು ನಾನು ಅರ್ಥ ಹೇಳುತ್ತಿದ್ದೆ, ಅದೂ ಅವಳ ಹಳೆಯ ಮಾತಲ್ಲಿ, ಅವಳ ಗೊಗ್ಗರು ದನಿಯಲ್ಲಿ: "ಚಾದಾಗ ಸಕ್ರಿ ಹಾಕೀರೋ, ಸಕ್ರಿ ಡಬ್ಬಿ ತೋರಿಸಿ ತಂದೀರೋ? ಯಾರಿಗೆ ಹೇಳಾಕತ್ತೀನಿ ನಾ?" ಅತ್ತೆ ನಗುತ್ತಿದ್ದಳು, ಅಥವಾ ಮುಖದ ಅರ್ಧ ನಗುತ್ತಿತ್ತು. ಮಾವ ಗದ್ವಾಲದಿಂದ ದಣಿದು ಬಂದು ಹೊಸ್ತಿಲಲ್ಲೇ ಕೂತು ಕೇಳುತ್ತಿದ್ದರು. ಅವರಿಗೆ ಹೆಂಡತಿ ವಾಪಸು ಸಿಕ್ಕಂತಾಗುತ್ತಿತ್ತು. "ಇವ ನಮ್ಮ ಗಂಗೂನ ವಕೀಲ" ಎಂದು ಓಣಿಗೆಲ್ಲ ಹೇಳಿದರು. ವಕೀಲನಿಗೆ ಕಕ್ಷಿದಾರಳನ್ನು ಕೇಳದೆಯೇ ವಾದ ಮಾಡುವ ಅಭ್ಯಾಸವಾಯಿತು.

ಮಧ್ಯಾಹ್ನ ಅವಳು ಕಣ್ಣು ಮುಚ್ಚಿದಳೆಂದರೆ ನಾನು ಮೆಲ್ಲಗೆ ಹೊರಬೀಳುತ್ತಿದ್ದೆ, ಚೌಕದ ಚಹಾದಂಗಡಿಗೆ. "ಅರೆ ಬಸ್ಯಾ, ಫುಪ್ಪೂಕಾ ಪ್ಯಾಜ್ ಸುನಾ ರೇ" ಎಂದು ಕರೆಯುತ್ತಿದ್ದರು ಅಲ್ಲಿಯ ಚಾಚಾ. ನಿನ್ನ ಅತ್ತೆಯ ಉಳ್ಳಾಗಡ್ಡಿ ಕೇಳಿಸು ಎಂದು. ನಾನು ಒಂದೊಂದಾಗಿ ಬಡಿಸುತ್ತಿದ್ದೆ. ಹೊರಗೆ ಮಳೆ, ಒಳಗೆ ಒದ್ದೆ ಟವೆಲಿನ ವಾಸನೆ, ಜನ ಹೊಟ್ಟೆ ಹಿಡಿದು ನಗುತ್ತಿದ್ದರು. ಅದರಲ್ಲಿ ಕೆಟ್ಟತನ ಇರಲಿಲ್ಲ ಎಂದು ಆಗ ಅಂದುಕೊಂಡಿದ್ದೆ. ಈಗಲೂ ಅವರಲ್ಲಿ ಇರಲಿಲ್ಲ ಎಂದೇ ಅನ್ನುತ್ತೇನೆ.

ಶ್ರಾವಣದ ನಡುವೆ ಒಂದು ಮಧ್ಯಾಹ್ನ ತಿರುಗಿ ಬಂದರೆ, ಮಂಚದ ಮೇಲಿದ್ದ ಅತ್ತೆಯ ಎಡಗಾಲಿನ ಹಿಮ್ಮಡಿಗೆ ಹಸಿಮಣ್ಣು ಮೆತ್ತಿತ್ತು. ಮೈ ಬೆವೆತಿತ್ತು. "ಎಲ್ಲಿಗೆ ಸವಾರಿ ಹೋಗಿತ್ತು ಅತ್ತಿ?" ಎಂದೆ. ಅವಳು ನನ್ನ ಕಡೆ ತಿರುಗಿ, ಬಹಳ ಮೆತ್ತಗೆ, ಮೊದಲ ಅಕ್ಷರದ ಮೇಲೆ ನಿಂತು, ಉಳಿದದ್ದನ್ನು ನಗುವಿನೊಳಗೆ ಜಾರಿಸಿ, "ಉಳ್ಳಾಗಡ್ಡಿ" ಎಂದಳು. ಈ ರಾಗ ನನ್ನ ಸಂಗ್ರಹದಲ್ಲಿರಲಿಲ್ಲ. ಕಣ್ಣಿನಿಂದ ಒಳಕೋಣೆಯ ಬಾಗಿಲು ತೋರಿಸಿದಳು. ಅದು ಮಗ್ಗದ ಕೋಣೆ. ಬಾಗಿಲಿನ ತನಕ ಹೋಗಿ ಇಣುಕಿದೆ. ನಮ್ಮವ್ವ ಹೊದಿಸಿದ್ದ ಹಳೆ ಸೀರೆ ಒಂದು ಕಡೆ ಸರಿದಿತ್ತು. ಲಾಳಿ ಎಳೆಯುವ ಹಗ್ಗಕ್ಕೆ ಯಾರೋ ಹರಿದ ಸೀರೆಯ ಚೂರು ಕಟ್ಟಿ ಎಡಕ್ಕೆ ಜಗ್ಗಿ ಗಂಟು ಹಾಕಿದ್ದರು. ಪಾಪ, ತಲೆ ಕೆಟ್ಟು ತೆವಳಿಕೊಂಡು ಹೋಗಿ ಏನೇನೋ ಗಂಟು ಹಾಕುತ್ತಾಳೆ ಎಂದುಕೊಂಡು ಸೀರೆ ಸರಿಮಾಡಿದೆ. ಕಾಲು ಒರೆಸಿದೆ. ಹೊಸ ರಾಗಕ್ಕೆ "ಕಳ್ಳ ಉಳ್ಳಾಗಡ್ಡಿ" ಎಂದು ಹೆಸರಿಟ್ಟು ಮರುದಿನ ಚೌಕದಲ್ಲಿ ಆಡಿದೆ. ಎಲ್ಲಕ್ಕಿಂತ ಹೆಚ್ಚು ನಗು ಬಿದ್ದದ್ದು ಅದಕ್ಕೇ. ಕೂದಲೆಳೆಯಷ್ಟೂ ತಪ್ಪಿಲ್ಲದೆ ಆಡುತ್ತಿದ್ದೆ. ಏನೆಂದು ಮಾತ್ರ ಗೊತ್ತಿರಲಿಲ್ಲ.

ಮಳೆ ಹೆಚ್ಚಾಯಿತು. ಕುಣಿಗೆ ನೀರು ಜಿನುಗತೊಡಗಿತು. ಅತ್ತೆಗೆ ಮಂಚ, ಕೂರುವ ಕಕ್ಕಸು ಎಲ್ಲ ಒಂದೇ ಕಡೆ ಆಗಬೇಕು, ಹಿತ್ತಲಿಗೆ ಎತ್ತಿಕೊಂಡು ಹೋಗುವುದು ದಿನಾ ನಡೆಯುವ ಮಾತಲ್ಲ. ಮನೆಯಲ್ಲಿ ದೊಡ್ಡದೆಂದರೆ ಮಗ್ಗದ ಕೋಣೆ ಒಂದೇ. ಮಾವನ ಲೆಕ್ಕದಲ್ಲಿ ತಪ್ಪೇನಿರಲಿಲ್ಲ. ಗದ್ವಾಲದಲ್ಲಿ ಅವರ ದೂರದ ತಮ್ಮನೊಬ್ಬ ಮಗ್ಗ ಒಯ್ಯಲು ಒಪ್ಪಿದ್ದ. ಆದರೆ ಮಗ್ಗದ ಮೇಲೆ ಹಾಸು, ಅಂದರೆ ನೇಯಲು ಬಿಗಿದ ಉದ್ದೆಳೆ, ಇನ್ನೂ ಇತ್ತು. ನಮ್ಮೂರಲ್ಲಿ ಎಂಟು ಸೀರೆಯ ಹಾಸು ಒಮ್ಮೆಗೇ ಏರಿಸುತ್ತೇವೆ. ಅವಳದು ಅರ್ಧಕ್ಕಿಂತ ಸ್ವಲ್ಪ ಮುಂದೆ ಬಂದು ನಿಂತಿತ್ತು. ನಡುವೆ ಹಾಸು ಕತ್ತರಿಸುವುದು ನಮ್ಮ ಓಣಿಯಲ್ಲಿ ಸಣ್ಣ ಮಾತಲ್ಲ. ಆ ಹಾಸು ನೇಯಲು ಕೂತವರೇ ಬಾಯಿಬಿಟ್ಟು ಕತ್ತರಿಸಿ ಅನ್ನಬೇಕು. ಮನೆಯ ಯಜಮಾನ ಹೇಳಿದರೂ ನಡೆಯುವುದಿಲ್ಲ.

"ಅಕಿ ಬಾಯಿಲೆ ಬರಬೇಕಲ್ಲೋ ಬಸು" ಎಂದರು ಮಾವ. ಬಾಯಿ ನಾನಿದ್ದೆನಲ್ಲ.

ಆ ದಿನ ಗದ್ವಾಲದ ತಮ್ಮ ಗೂಡ್ಸ್ ಆಟೋ ತಂದು ನಿಲ್ಲಿಸಿದ್ದ. ಓಣಿಯವರು ಬಂದು ಬಾಗಿಲಲ್ಲಿ ನಿಂತಿದ್ದರು, ಸಾವಿನ ಮನೆಗೆ ಬಂದಂತೆ ಕಾಲಿನ ಸದ್ದು ಮಾಡದೆ. ಅತ್ತೆಯನ್ನು ಮಗ್ಗದ ಎದುರಿಗೇ ಕುರ್ಚಿಯಲ್ಲಿ ಕೂರಿಸಿದ್ದರು. ಮಾವ ಅವಳ ಮುಂದೆ ಕುಕ್ಕರಗಾಲಲ್ಲಿ ಕೂತು, "ಗಂಗೂ, ನಿನಗ ಅನುಕೂಲ ಆಗಲಿ ಅಂತ. ಹಾಸು ಕತ್ತರಿಸಿ ಮಗ್ಗ ತಗೀಲೇನು?" ಎಂದರು.

ಅತ್ತೆ ಜೋರಾಗಿ ತಲೆಯಾಡಿಸಿದಳು, ಹೂಂ ಹೂಂ ಎಂಬಂತೆ. "ಉಳ್ಳಾಗಡ್ಡಿ, ಉಳ್ಳಾಗಡ್ಡಿ, ಉಳ್ಳಾಗಡ್ಡಿ." ಎಡಗೈ ಮಗ್ಗದ ಕಡೆಗೂ ತನ್ನ ಎದೆಯ ಕಡೆಗೂ ಹೊಯ್ದಾಡಿತು. ಕಣ್ಣಲ್ಲಿ ನೀರು.

"ಏನಂತಾಳೋ ಬಸು?"

ತಿರುಗಿಸಿ ಕೇಳಬೇಕೆಂಬುದು ನನಗೆ ನೆನಪಿತ್ತು. ಮರೆತಿದ್ದೆ ಎಂದು ಬಹಳ ಜನಕ್ಕೆ ಹೇಳಿದ್ದೇನೆ, ಅದು ಸುಳ್ಳು. "ಮಗ್ಗ ಇರಲೇನು ಅತ್ತಿ?" ಎಂಬ ಒಂದು ಪ್ರಶ್ನೆ. ಅದಕ್ಕೂ ಹಾಗೇ ತಲೆಯಾಡಿಸಿದ್ದರೆ ಕೂತು ಕಾಯಬೇಕಾಗುತ್ತಿತ್ತು. ಬಾಗಿಲ ತುಂಬ ಜನ ನನ್ನ ಬಾಯನ್ನೇ ನೋಡುತ್ತಿದ್ದರು. ಅಷ್ಟು ಮೌನವಾದ ಸಭೆ ನನಗೆ ಎಂದೂ ಸಿಕ್ಕಿರಲಿಲ್ಲ. ಮತ್ತೆ, ನನ್ನ ಗಂಗಮ್ಮತ್ತೆ ಏನು ಹೇಳುತ್ತಾಳೆಂದು ನನಗೆ ಗೊತ್ತೇ ಇತ್ತಲ್ಲ. ನನ್ನ ಜೇಬಿನಲ್ಲಿದ್ದಳಲ್ಲ. ಗಂಟಲು ಸರಿಮಾಡಿಕೊಂಡೆ, ನಮ್ಮಪ್ಪ ಮಾಡುವ ಹಾಗೆ.

"ತಗೀರಿ. ನನ್ನ ಕೈ ಹೋದ ಮ್ಯಾಲೆ ಅದರ ಮಾರಿ ನೋಡಿಕೋತ ಹೆಂಗ ಕುಂದ್ರಲಿ? ಹೋಗ್ಲಿ ತಗೀರಿ, ಯಾರ ಗಂಟೇನ ಹೋತು."

ಬಾಗಿಲಲ್ಲಿ ಯಾರೋ ಬಿಕ್ಕಿದರು. ಮಾವ ಹೆಂಡತಿಯ ಮಡಿಲಲ್ಲಿ ಹಣೆಯಿಟ್ಟರು. ಅತ್ತೆ ನನ್ನನ್ನು ನೋಡುತ್ತಿದ್ದಳು. ನಾನು ದುಃಖವೆಂದು ಓದಿದೆ. ಮಾವ ಕತ್ತರಿಯನ್ನು ತಮ್ಮನ ಕೈಗೆ ಕೊಟ್ಟರು, ಅವನೇ ಕತ್ತರಿಸಿದ. ಬಿಗಿಯಾಗಿದ್ದ ಎಳೆಗಳು ಒಮ್ಮೆಲೇ ಹಿಂದಕ್ಕೆ ಸೇದಿಕೊಂಡು ಸುರುಳಿಯಾದವು. ಅತ್ತೆ "ಉಳ್ಳಾ" ಎಂದಳು. ಮುಂದಿನದು ಬರಲಿಲ್ಲ.

ನೇಯ್ದ ಬಟ್ಟೆಯನ್ನು ಕಣ್ಣೊರೆಸಿಕೊಳ್ಳುತ್ತಲೇ ಕತ್ತರಿಸಿದ ತುದಿಯಿಂದ ಸುರುಳಿ ಸುತ್ತಿ, ಬಿಚ್ಚಿ ನೋಡದೆ ಟ್ರಂಕಿನಲ್ಲಿಟ್ಟೆವು. ಕುಣಿಗೆ ಮಣ್ಣು ತುಂಬಿ ಮೇಲೆ ಸಿಮೆಂಟು ಬಳಿದರು. ಮಂಚ ಒಳಗೆ ಹೋಯಿತು. ಅತ್ತೆ ಮೊದಲ ದಿನ ಮಂಚದಿಂದ ಕೈ ಇಳಿಬಿಟ್ಟು ಆ ಹೊಸ ಸಿಮೆಂಟನ್ನು ಸವರಿದಳು. ಆಮೇಲೆ ಕೈ ಮೇಲೆ ತೆಗೆದುಕೊಂಡಳು. ಮಾತಾಡಲಿಲ್ಲ. ದಣಿದಿದ್ದಾಳೆ ಎಂದೆವು. ವಾರವಾಯಿತು. ಹಸಿವಾದರೂ ಇಲ್ಲ, ಸಿಟ್ಟಿಗೂ ಇಲ್ಲ, ನೊಣ ಬಂದು ಕಣ್ಣ ಮೇಲೆ ಕೂತರೂ ಇಲ್ಲ. ಆ ಒಂದು ಮಾತೂ ನಿಂತುಹೋಗಿತ್ತು. ಡಾಕ್ಟರಮ್ಮ ಮನೆಗೇ ಬಂದು ಎದುರಿಗೆ ಕೂತು ಬಹಳ ಹೊತ್ತು ಕಾದಳು. "ಏಮೈಂದಿ?" ಎಂದು ನನ್ನನ್ನು ಕೇಳಿದಳು. ಏನಾಯಿತು? ನಾನು ಇಡೀ ಪ್ರಸಂಗ ಹೇಳಿದೆ, ದನಿ ಸಮೇತ. ಅವಳು ತನ್ನ ಚಿತ್ರದ ಕಾರ್ಡುಗಳನ್ನು ಜೋಡಿಸಿ ಚೀಲಕ್ಕೆ ಹಾಕಿಕೊಂಡಳು. ಮರುವಾರ ಅವಳು ಏನೂ ಕೇಳದೆ ಅತ್ತೆಯ ಕೈ ಹಿಡಿದುಕೊಂಡು ಕೂತು ಹೋದಳು.

ದಸರೆಯ ರಜೆಗೆ ಜ್ಯೋತಿ ಬಂದಳು. ಅಮ್ಮನ ಕೊನೆಯ ನೇಯ್ಗೆ ನೋಡುತ್ತೇನೆಂದು ಟ್ರಂಕು ತೆಗೆದು ಸುರುಳಿ ಬಿಚ್ಚುತ್ತ ಹೋದಳು. ಮಾವ, ನಾನು ನೋಡುತ್ತಿದ್ದೆವು. ಎಲ್ಲ ಅವಳ ಕೈಯ ನುಣುಪು ನೇಯ್ಗೆ, ಅಂಚು ಗೆರೆ ಎಳೆದಂತೆ. ಆಮೇಲೆ ಲಕ್ವಾ ಹೊಡೆದ ದಿನ ನಿಂತ ಜಾಗ. ಅಲ್ಲಿಗೆ ಮುಗಿಯಬೇಕಿತ್ತು.

ಮುಗಿದಿರಲಿಲ್ಲ. ಅದರಾಚೆ ಒಂದು ಗೇಣಿನಷ್ಟು ಇತ್ತು. ಮೊದಲು ಬಲೆಯಂಥ ಸಡಿಲು ನೇಯ್ಗೆ, ಎಳೆ ಒಂದು ಕಡೆ ಉಬ್ಬಿ, ಅಂಚು ಒಳಗೆ ಸೇದಿಕೊಂಡು, ಮಗು ಬಳಪ ಹಿಡಿದು ಎಳೆದ ಗೆರೆಯ ಹಾಗೆ. ಮುಂದೆ ಸ್ವಲ್ಪ ಬಿಗಿ. ಇನ್ನೂ ಮುಂದೆ ಇನ್ನಷ್ಟು. ಕೊನೆಯ ಎರಡು ಬೆರಳಿನಷ್ಟರಲ್ಲಿ ಅಂಚು ನೇರಕ್ಕೆ ಬರತೊಡಗಿತ್ತು. ಅಲ್ಲಿ ಕತ್ತರಿ ಬಿದ್ದಿತ್ತು.

"ಒಂದ ಕೈಲೆ ನೇಯ್ದಾಳ" ಎಂದಳು ಜ್ಯೋತಿ. "ಹಗ್ಗ ಎಡಕ್ಕ ಕಟ್ಟಿಕೊಂಡು, ಅದ ಕೈಲೆ ಎಳದು, ಅದ ಕೈಲೆ ಬಡದು. ಎಡಗಾಲಿಲೆ ಎರಡೂ ಕಾಲಹಲಗಿ ತುಳದು. ಇದನ್ನ ಯಾರೂ ಕಲಿಸಿಕೊಟ್ಟದ್ದಲ್ಲ, ಅಕಿನ ಕುಂತು ಕಂಡುಹಿಡದಾಳ. ಬಸ್ಯಾ, ಮಧ್ಯಾಹ್ನ ನೀ ಇಲ್ಲೇ ಇರ್ತಿದ್ದೆಲ್ಲ? ಸಪ್ಪಳಾ ಕೇಳಲಿಲ್ಲೇನು?"

ನಮ್ಮ ಓಣಿಯಲ್ಲಿ ಮಗ್ಗದ ಸಪ್ಪಳ ಯಾರಿಗೂ ಕೇಳುವುದಿಲ್ಲ. ಎಲ್ಲ ಮನೆಯಲ್ಲೂ ಅದೇ. ನಿಂತರೆ ಮಾತ್ರ ಕಿವಿಗೆ ಬೀಳುತ್ತದೆ. ಅವಳು ಮಂಚದಿಂದ ಇಳಿದು ನೆಲದ ಮೇಲೆ ಮೈ ಎಳೆದುಕೊಂಡು, ಕುಣಿಯ ಕೆಸರಿಗೆ ಕಾಲಿಟ್ಟು, ಮಾತಿಲ್ಲದ ತಲೆಯಲ್ಲಿ ಒಂದು ಕೈಯ ಲೆಕ್ಕ ಹಾಕುತ್ತ, ತಪ್ಪಿ, ಬಿಚ್ಚಿ, ಮತ್ತೆ ಹಾಕುತ್ತಿದ್ದ ಅಷ್ಟೂ ಹೊತ್ತು ನಾನು ಚೌಕದಲ್ಲಿ ಅವಳನ್ನು ಆಡಿ ತೋರಿಸುತ್ತಿದ್ದೆ. ಆ ಮೆತ್ತನೆಯ ರಾಗ ಕಳ್ಳತನದ್ದಲ್ಲ. ಬಂತು ನೋಡು, ಸಾಧಿಸಿದೆ ನೋಡು ಎಂಬುದು. ಅವಳು ಮೊದಲು ಹೇಳಿದ್ದು ನನಗೇ.

ಮಾವ ಆಗಲೇ ಚಪ್ಪಲಿ ಮೆಟ್ಟಿ ಗದ್ವಾಲದ ಬಸ್ಸು ಹತ್ತಿದರು. ಸಂಜೆ ಬರಿಗೈಯಲ್ಲಿ ಬಂದರು. ಆ ತಮ್ಮ ಮಗ್ಗಕ್ಕೆ ಹೊಸ ಹಾಸು ಏರಿಸಿಬಿಟ್ಟಿದ್ದ, ಅವನ ಹೆಂಡತಿ ನೇಯುತ್ತಿದ್ದಳು. "ನಡುವ ಕತ್ತರಿಸಾಕ ಬರಂಗಿಲ್ಲಣ್ಣಾ, ನಿಮಗ ಗೊತ್ತಿಲ್ಲೇನು?" ಎಂದನಂತೆ. ಮಾವ ಅದನ್ನು ಹೇಳಿ, ಸಿಮೆಂಟಿನ ನೆಲದ ಮೇಲೆ ಕೂತರು. "ಬ್ಯಾರೆ ಮಗ್ಗ ತರ್ತೀನಿ ಗಂಗೂ. ಕುಣಿ ಮತ್ತ ತೋಡಸ್ತೀನಿ" ಎಂದರು. ಅತ್ತೆ ಗೋಡೆ ನೋಡುತ್ತಿದ್ದಳು.

ನನಗೆ ಏನಾದರೂ ಮಾಡಬೇಕಿತ್ತು. ನನಗೆ ಬರುವುದು ಒಂದೇ. ಅವಳ ಎದುರಿಗೆ ಮೊಣಕಾಲೂರಿ, ಮೊದಲ ಅಕ್ಷರದ ಮೇಲೆ ನಿಂತು, ಉಳಿದದ್ದನ್ನು ನಗುವಿನೊಳಗೆ ಜಾರಿಸಿ, ಆ ದಿನದ ಹಾಗೇ, "ಉಳ್ಳಾಗಡ್ಡಿ" ಎಂದೆ. ತಿರುಗಿ ಅನ್ನಲಿ ಎಂದು. ಬೈಯಲಿ ಎಂದು. ಅವಳು ನನ್ನ ಕಡೆ ತಿರುಗಿದಳು. ತುಟಿ ಸ್ವಲ್ಪ ಅಲುಗಿತು. ಎಡಗೈಯಿಂದ ಸೆರಗು ಎಳೆದುಕೊಂಡು ಮುಖ ಮುಚ್ಚಿಕೊಂಡಳು.

"ಇನ್ನೊಮ್ಮೆ ಅಂತೀನಿ ತಡಿ, ಈ ಸಲ ನಕ್ಕಾಳು" ಎಂದೆ ನಾನು ಜ್ಯೋತಿಗೆ.

ಜ್ಯೋತಿ ಸುರುಳಿಯನ್ನು ಮಡಿಲಲ್ಲಿಟ್ಟುಕೊಂಡು, ದನಿ ಏರಿಸದೆ ಹೇಳಿದಳು:

"ಅಕಿಗೆ ಉಳಿದಿದ್ದು ಒಂದ ಮಾತು ಬಸ್ಯಾ. ಅದನ್ನೂ ನೀನ ಆಡಿ ಮುಗಿಸಿದಿ."